ಕಾರಣ ಹೇಳದ ಸೆರೆ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಹೋಗಿಬರುವವರಿಗೆ ಫ್ರೀಡಂ ಪಾರ್ಕ್ ಹೊಸದಲ್ಲ. ಏನಾದರೊಂದು ಬೇಡಿಕೆಯನ್ನು ಹೊತ್ತು ಊರೂರುಗಳಿಂದ ಬಂದವರು ಅಲ್ಲಿ ಶಾಮಿಯಾನದ ಕೆಳಗೆ ಕುಳಿತಿರುತ್ತಾರೆ. 2008ರಲ್ಲಿ ಉದ್ಯಾನವಾಗಿ ತೆರೆದ ಈ ಸ್ಥಳ ಅದಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ಹಳೆಯ ಕಾವಲುಗೋಪುರವನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿದ್ದಾರೆ.

ಆ ಜೈಲಿನಲ್ಲಿ 1976ನೆಯ ಇಸವಿಯ ಮೇ ತಿಂಗಳಿನಿಂದ ಎಂಟು ತಿಂಗಳಿಗೂ ಹೆಚ್ಚು ಕಾಲ ಇದ್ದವರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಲನಚಿತ್ರವನ್ನು ಕಂಡವರು ಚಂದ್ರಿಯಾಗಿ ಅವರನ್ನು ಮರೆತಿರಲಾರರು. ಅವರಿಗೆ ಉಬ್ಬಸದ ಬೇನೆ ಇತ್ತು; ಸೆರೆಯಲ್ಲಿ ಅದು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಂದವರು ಐದು ದಿನಗಳಲ್ಲಿ ತೀರಿಕೊಂಡರು. ಬರೋಡ ಡೈನಮೈಟ್ ಮೊಕದ್ದಮೆಯಲ್ಲಿ ಅವರ ಕೈವಾಡವಿದೆಯೆಂಬ ಸಂಶಯದ ಮೇಲೆ ಅವರನ್ನು ಹಿಡಿದದ್ದು. ಆದರೆ ಆ ಮೊಕದ್ದಮೆಯ ಆಪಾದನಾಪಟ್ಟಿ ಸಿದ್ಧವಾದಾಗ ಅದರಲ್ಲಿ ಅವರ ಹೆಸರು ಇರಲಿಲ್ಲ. ಎಂಟು ತಿಂಗಳ ಸೆರೆವಾಸಕ್ಕೆ ಆಧಾರವೇನೆಂದು ಒಬ್ಬ ನ್ಯಾಯಾಧೀಶನಾದರೂ ಸಕಾಲದಲ್ಲಿ ಕೇಳಬಹುದಾಗಿದ್ದರೆ? ಕೇಳಲಾಗುತ್ತಿರಲಿಲ್ಲ. ಏಕೆಂದರೆ ಹಾಗೆ ಕೇಳಕೂಡದೆಂದು ಆಗಿನ ಕಾನೂನೇ ಹೇಳುತ್ತಿತ್ತು.

ದೇಶದ ಭದ್ರತೆ ಮತ್ತು ನ್ಯಾಯಾಲಯಗಳ ಸಂಬಂಧವನ್ನು ಕುರಿತು ಈಚಿನ ಕೆಲವು ವರ್ಷಗಳಲ್ಲಿ ಸುಪ್ರೀಂ ಕೋರ್ಟಿನಿಂದ ಹಲವು ತೀರ್ಪುಗಳು ಬಂದಿವೆ. ಒಂದೊಂದನ್ನೇ ಪತ್ರಿಕೆಯಲ್ಲಿ ಓದುವಾಗ ಅವು ಬಿಡಿಬಿಡಿ ಮೊಕದ್ದಮೆಗಳಂತೆ ಕಾಣುತ್ತವೆ. ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ಒಳಗೆ ಒಂದೇ ಪ್ರಶ್ನೆ ಹರಿಯುತ್ತಿರುವುದು ತೋರುತ್ತದೆ: ಸರ್ಕಾರ ಒಬ್ಬನ ಮೇಲೆ ಕೈಯಿಟ್ಟಾಗ, ‘ಏಕೆ?’ ಎಂಬ ಮಾತಿಗೆ ಉತ್ತರ ಕೊಡಬೇಕೆ, ಬೇಡವೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಇನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ.

ಅದರ ಮೊದಲು ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಹೋಗುತ್ತದೆ. 1818ರ ಬಂಗಾಳದ ಮೂರನೆಯ ರೆಗ್ಯುಲೇಷನ್, ರಾಜ್ಯಕಾರಣಗಳಿಗಾಗಿ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಅಧಿಕಾರವನ್ನು ಗವರ್ನರ್ ಜನರಲನ ಮಂಡಲಿಗೆ ಕೊಟ್ಟಿತು. ಆ ‘ರಾಜ್ಯಕಾರಣ’ ಯಾವುದೆಂದು ಬಂದಿಗೆ ಹೇಳಬೇಕಾಗಿರಲಿಲ್ಲ, ಕೋರ್ಟಿಗೂ ಹೇಳಬೇಕಾಗಿರಲಿಲ್ಲ. ಸಂಸ್ಥಾನಗಳ ಕಾಲದ ರಾಜಬಂದಿಗಳಿಗೆಂದು ಹುಟ್ಟಿದ ಈ ಕಟ್ಟಳೆ ಶತಮಾನ ಕಳೆದರೂ ಸಾಯಲಿಲ್ಲ. 1907ರಲ್ಲಿ ಲಾಲಾ ಲಜಪತ್ ರಾಯ್ ಮತ್ತು ಅಜಿತ್ ಸಿಂಗರನ್ನು ಪಂಜಾಬಿನಿಂದ ಬರ್ಮಾದ ಮಾಂಡಲೆಗೆ ಸಾಗಿಸಿದ್ದು ಇದರ ಬಲದಿಂದಲೇ. ಕೆಲವು ತಿಂಗಳ ಮೇಲೆ ಅವರನ್ನು ಬಿಟ್ಟದ್ದೂ ಹಾಗೆಯೇ: ಹಿಡಿದದ್ದಕ್ಕೆ ವಿಚಾರಣೆಯಿಲ್ಲ, ಬಿಟ್ಟದ್ದಕ್ಕೆ ತೀರ್ಪಿಲ್ಲ. 1919ರ ರೌಲಟ್ ಕಾನೂನನ್ನು ಜನ ‘ದಲೀಲ್ ಇಲ್ಲ, ವಕೀಲ್ ಇಲ್ಲ, ಅಪೀಲ್ ಇಲ್ಲ’ ಎಂದು ಮೂರೇ ಮಾತಿನಲ್ಲಿ ಬಣ್ಣಿಸಿದರು. ಕಾನೂನಿನ ಪಂಡಿತರು ಬರೆದ ಯಾವ ಭಾಷ್ಯವೂ ಇದಕ್ಕಿಂತ ಸ್ಪಷ್ಟವಾಗಿರಲಾರದು.

ವಸಾಹತುಗಳಲ್ಲಿ ಹೀಗೆ ನಡೆದುಕೊಂಡವರು ತಮ್ಮ ಮನೆಯಲ್ಲಿ ಹೇಗಿದ್ದರು? ಎರಡನೆಯ ಮಹಾಯುದ್ಧದಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ಇಂಗ್ಲೆಂಡಿನ ಗೃಹಮಂತ್ರಿ ಸರ್ ಜಾನ್ ಆಂಡರ್ಸನ್, ಲಿವರ್ಸಿಜ್ ಎಂಬವರನ್ನು ಯುದ್ಧಕಾಲದ ನಿಯಮವೊಂದರ ಕೆಳಗೆ ಸ್ಥಾನಬದ್ಧನನ್ನಾಗಿ ಇರಿಸಿದ. ಈ ಆಂಡರ್ಸನ್ 1932ರಿಂದ 1937ರವರೆಗೆ ಬಂಗಾಳದ ಗವರ್ನರನಾಗಿ ಕ್ರಾಂತಿಕಾರಿಗಳ ದಮನಕ್ಕೆ ಹೆಸರಾದವನೆಂಬುದನ್ನು ಇಲ್ಲಿ ನೆನೆಯಬಹುದು. ಮಂತ್ರಿಗೆ ‘ನಂಬಲು ಸಕಾರಣ’ವಿದ್ದರೆ ಸಾಕೆಂದು ನಿಯಮವಿತ್ತು. ಆ ಕಾರಣ ನಿಜವಾಗಿ ಇತ್ತೇ ಎಂದು ಕೋರ್ಟು ನೋಡಬೇಕೆ, ಅಥವಾ ಇದೆಯೆಂದು ಮಂತ್ರಿ ಹೇಳಿದರೆ ಸಾಕೆ? 1941ರ ನವೆಂಬರಿನಲ್ಲಿ ಲಾರ್ಡ್ಸ್ ಸಭೆಯ ನಾಲ್ವರು ನ್ಯಾಯಮೂರ್ತಿಗಳು ಮಂತ್ರಿಯ ಮಾತೇ ಸಾಕೆಂದರು. ಐದನೆಯವರಾದ ಲಾರ್ಡ್ ಆಟ್ಕಿನ್ ಮಾತ್ರ ಒಪ್ಪಲಿಲ್ಲ. ಶಸ್ತ್ರಗಳ ಸದ್ದಿನ ನಡುವೆಯೂ ಕಾನೂನು ಮೂಕವಾಗುವುದಿಲ್ಲ, ಯುದ್ಧದಲ್ಲಿಯೂ ಅದು ಶಾಂತಿಕಾಲದ ಭಾಷೆಯನ್ನೇ ಆಡುತ್ತದೆ ಎಂಬುದು ಅವರ ಮತದ ತಾತ್ಪರ್ಯ. ಲಂಡನ್ನಿನ ಮೇಲೆ ಬಾಂಬು ಬಿದ್ದ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಈ ಮಾತನ್ನಾಡುವುದಕ್ಕೆ ಎದೆ ಬೇಕಾಗಿತ್ತು. ಸುಮಾರು 40 ವರ್ಷಗಳ ತರುವಾಯ ಆ ಸಭೆಯೇ ಆಟ್ಕಿನರ ಮತ ಸರಿಯೆಂದು ಒಪ್ಪಿಕೊಂಡಿತು.

ನಮ್ಮ ರಾಜ್ಯಾಂಗ ರಚನೆಯಾಗುವಾಗ ಈ ಎಲ್ಲ ಅನುಭವವೂ ಕಣ್ಣ ಮುಂದಿತ್ತು. ರಾಜ್ಯಾಂಗ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾವ್. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋದಾಗ ಅವರು ಅಲ್ಲಿಯ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡರು. ಅಮೆರಿಕದ ರಾಜ್ಯಾಂಗದಲ್ಲಿರುವ ‘ಕಾನೂನಿನ ಯುಕ್ತ ಕ್ರಮ’ ಎಂಬ ನುಡಿಯನ್ನು ಇಟ್ಟುಕೊಂಡರೆ ಜನಪ್ರತಿನಿಧಿಗಳ ಕೈಯನ್ನು ನ್ಯಾಯಾಧೀಶರು ಕಟ್ಟಿಹಾಕಿದಂತಾಗುತ್ತದೆಂದು ಅವರು ಎಚ್ಚರಿಸಿದರು. ರಾಯರಿಗೂ ಅದು ಸರಿಕಂಡಿತು. ಜೀವ ಮತ್ತು ಸ್ವಾತಂತ್ರ್ಯವನ್ನು ಕುರಿತ 21ನೆಯ ವಿಧಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂಬ ಮಾತು ಬಂದದ್ದು ಹೀಗೆ. ಕ್ರಮ ನ್ಯಾಯವಾಗಿರಬೇಕೆಂದು ಅಲ್ಲಿ ಹೇಳಿಲ್ಲ. ಶಾಸನಸಭೆ ಗೊತ್ತುಪಡಿಸಿರಬೇಕು, ಅಷ್ಟೆ.

ಇದರಿಂದ ಅನೇಕ ಸದಸ್ಯರಿಗೆ ಅಸಮಾಧಾನವಾಯಿತು. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದಕ್ಕೆಂದೇ 1949ರಲ್ಲಿ ಡಾ. ಅಂಬೇಡ್ಕರರು ಇಂದಿನ 22ನೆಯ ವಿಧಿಯನ್ನು ಸಭೆಯ ಮುಂದಿಟ್ಟರು. ಬಂಧಿತನಿಗೆ ಬಂಧನದ ಆಧಾರವನ್ನು ಆದಷ್ಟು ಬೇಗ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಅದರ ಮೊದಲ ಭಾಗ. ಮುನ್ನೆಚ್ಚರಿಕೆಯ ಬಂಧನಕ್ಕೆ, ಎಂದರೆ ಮಾಡಿದ ತಪ್ಪಿಗಲ್ಲದೆ ಮುಂದೆ ಮಾಡಬಹುದಾದ ತಪ್ಪಿಗಾಗಿ ಹಿಡಿದಿಡುವುದಕ್ಕೆ, ಇವು ಅನ್ವಯಿಸುವುದಿಲ್ಲವೆಂಬುದು ಎರಡನೆಯ ಭಾಗ. ಅಂಥವನಿಗೂ ಆಧಾರಗಳನ್ನು ತಿಳಿಸಬೇಕು; ಆದರೆ ಸಾರ್ವಜನಿಕ ಹಿತಕ್ಕೆ ವಿರೋಧವೆಂದು ಅಧಿಕಾರಿಗೆ ತೋರಿದ ಸಂಗತಿಗಳನ್ನು ತಿಳಿಸಬೇಕಾಗಿಲ್ಲ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆದಂತೆ ಕಾಣುವ ಈ ವಿಧಿಯೇ ಮುಂದಿನ ಎಲ್ಲ ವಾದಗಳ ಅಖಾಡವಾಯಿತು.

ಗಣರಾಜ್ಯ ಘೋಷಣೆಯಾಗಿ ಒಂದು ತಿಂಗಳು ತುಂಬುವಷ್ಟರಲ್ಲಿ, 1950ರ ಫೆಬ್ರುವರಿಯಲ್ಲಿ, ಮುನ್ನೆಚ್ಚರಿಕೆಯ ಬಂಧನದ ಕಾನೂನು ಬಂದಿತು. ಅದನ್ನು ಮಂಡಿಸಿದ ಸರದಾರ ಪಟೇಲರು ಈ ಕುರಿತು ತಾವು ನಿದ್ದೆಯಿಲ್ಲದ ರಾತ್ರಿಗಳನ್ನು ಕಳೆದುದಾಗಿ ಹೇಳಿಕೊಂಡರು. ಅದು ಸುಳ್ಳಾಗಿರಲಾರದು. ದೇಶವಿಭಜನೆಯ ನೆತ್ತರು ಆರಿರಲಿಲ್ಲ. ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆದಿತ್ತು. ಒಂದು ವರ್ಷಕ್ಕೆಂದು ಮಾಡಿದ ಕಾನೂನು ಮಾತ್ರ ಮತ್ತೆ ಮತ್ತೆ ಆಯುಸ್ಸನ್ನು ಪಡೆದು 1969ರ ಕೊನೆಯವರೆಗೆ ಬದುಕಿತು.

ಅದನ್ನು ಮೊದಲು ಪ್ರಶ್ನಿಸಿದವರು ಮಲಬಾರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1947ರ ಡಿಸೆಂಬರಿನಿಂದಲೂ ಸೆರೆಯಲ್ಲಿದ್ದ ಅವರಿಗೆ ಜೈಲಿನೊಳಗೇ ಹೊಸ ಆಜ್ಞೆಯನ್ನು ಜಾರಿಮಾಡಿದ್ದರು. ಆ ಕಾನೂನಿನ 14ನೆಯ ಕಲಮು ವಿಚಿತ್ರವಾದದ್ದು. ಸ್ಥಾನಬದ್ಧನಿಗೆ ಆಧಾರಗಳ ಕಾಗದವನ್ನು ಕೊಡುತ್ತಾರೆ. ಆದರೆ ಅವನು ಅದನ್ನು ನ್ಯಾಯಾಲಯಕ್ಕೆ ತೋರಿಸುವಂತಿಲ್ಲ, ನ್ಯಾಯಾಲಯ ಅದನ್ನು ಕೇಳುವಂತಿಲ್ಲ. ಅನುಮತಿಯಿಲ್ಲದೆ ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಶಿಕ್ಷೆ! 1950ರ ಮೇ 19ರಂದು ಆರು ಮಂದಿ ನ್ಯಾಯಮೂರ್ತಿಗಳ ಪೀಠ ಈ ಕಲಮನ್ನು ಹೊಡೆದುಹಾಕಿತು. ಕಾಗದವನ್ನೇ ನೋಡದೆ ಅದು ಸರಿಯೋ ತಪ್ಪೋ ಎಂದು ಕೋರ್ಟು ಹೇಳುವುದು ಹೇಗೆ? ಆದರೆ ಕಾನೂನಿನ ಉಳಿದ ಭಾಗವನ್ನು ನಾಲ್ವರು ಎತ್ತಿಹಿಡಿದರು. ಶಾಸನಸಭೆ ಗೊತ್ತುಪಡಿಸಿದ ಕ್ರಮವಿದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು ನೋಡುವುದು ತಮ್ಮ ಕೆಲಸವಲ್ಲವೆಂದರು. ಭಿನ್ನಮತ ಸೂಚಿಸಿದ ಇಬ್ಬರಲ್ಲಿ ಒಬ್ಬರಾದ ಫಜ಼ಲ್ ಅಲಿಯವರ ಮಾತು ಗೆಲ್ಲುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ಭಾಷೆಯ ಪಾಠ ಹೇಳುವ ನನ್ನಂಥವರಿಗೆ ಪ್ರಿಯವಾದ ಒಂದು ಮೊಕದ್ದಮೆ ಈ ನಡುವೆ ಬರುತ್ತದೆ. ಮಹಾರಾಷ್ಟ್ರದ ಹರಿಕಿಸನ್ ಎಂಬವರಿಗೆ ಬಂಧನದ ಆಧಾರಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದು ಆತ ಕೇಳಿದರು. ಪೋಲೀಸ್ ಅಧಿಕಾರಿ ಬಾಯಲ್ಲಿ ಅನುವಾದಿಸಿ ಹೇಳಿದ್ದಾರೆ, ಅಷ್ಟೇ ಸಾಕೆಂದು ಸರ್ಕಾರ ವಾದಿಸಿತು. 1962ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ‘ತಿಳಿಸು’ ಎಂದರೆ ಕಿವಿಯ ಮೇಲೆ ಹಾಕುವುದಲ್ಲ. ಕೇಳಿದವನಿಗೆ ಅರ್ಥವಾಗಿ, ಅವನು ಉತ್ತರ ಕೊಡಲು ಸಮರ್ಥನಾದಾಗಲೇ ತಿಳಿಸಿದಂತೆ. ಆಡಳಿತದಲ್ಲಿ ದೇಶಭಾಷೆ ಏಕೆ ಬೇಕೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಬೇಕಿಲ್ಲ.

1971ರಲ್ಲಿ ಆಂತರಿಕ ಭದ್ರತಾ ಪಾಲನೆಯ ಕಾನೂನು, ಜನರ ಬಾಯಲ್ಲಿ ‘ಮೀಸಾ’, ಬಂದಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಅಟಲ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಈ ನಾಲ್ವರೂ ಸಂಸತ್ತಿನ ಸಮಿತಿಯೊಂದರ ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದರು. ಮಾರನೆಯ ದಿನ ಅವರನ್ನು ಹಿಡಿದು ನಾನು ಮೊದಲು ಹೇಳಿದ ಅದೇ ಜೈಲಿಗೆ ಕಳುಹಿಸಿದರು. ಅವರ ಪರವಾಗಿ ನಮ್ಮ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ದಾಖಲಾದವು. ಬಂದಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ, ಹಿಡಿದಿಟ್ಟುದಕ್ಕೆ ಸಮರ್ಥನೆಯನ್ನು ಹೇಳು ಎಂದು ಸರ್ಕಾರಕ್ಕೆ ಆಜ್ಞೆಮಾಡುವ ಹಳೆಯ ರಿಟ್ಟು ಅದು. 14, 21 ಮತ್ತು 22ನೆಯ ವಿಧಿಗಳ ರಕ್ಷಣೆಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನೇ ರಾಷ್ಟ್ರಪತಿಯ ಆಜ್ಞೆ ಅಮಾನತ್ತಿನಲ್ಲಿಟ್ಟಿರುವುದರಿಂದ ಇಂಥ ಅರ್ಜಿಗಳೇ ನಿಲ್ಲವೆಂದು ಸರ್ಕಾರ ಹೇಳಿತು. ಕರ್ನಾಟಕವೂ ಸೇರಿದಂತೆ ಒಂಬತ್ತು ಹೈಕೋರ್ಟುಗಳು ಈ ವಾದವನ್ನು ತಿರಸ್ಕರಿಸಿದವು.

ಸರ್ಕಾರ ಸುಮ್ಮನಿರಲಿಲ್ಲ. ಮೀಸಾ ಕಾನೂನಿಗೆ 16ಎ ಎಂಬ ಹೊಸ ಕಲಮನ್ನು ಸೇರಿಸಿತು. ಅದರ ಒಂಬತ್ತನೆಯ ಉಪಕಲಮಿನ ಪ್ರಕಾರ ಬಂಧನದ ಆಧಾರಗಳು ಗೋಪ್ಯ, ಅವನ್ನು ರಾಜ್ಯದ ರಹಸ್ಯವೆಂದೇ ಭಾವಿಸತಕ್ಕದ್ದು, ಯಾರಿಗೂ ಹೇಳತಕ್ಕದ್ದಲ್ಲ. 1950ರಲ್ಲಿ ಕೋರ್ಟು ಬಾಗಿಲಿನಿಂದ ಹೊರಗೆ ಹಾಕಿದ 14ನೆಯ ಕಲಮು ಕಾಲು ಶತಮಾನದ ಮೇಲೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತ್ತು.

1976ರ ಏಪ್ರಿಲ್ 28ರಂದು ಜಬಲ್ಪುರ ಮೊಕದ್ದಮೆಯೆಂದು ಹೆಸರಾದ ಈ ಅಪೀಲುಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನಾಲ್ವರು ಸರ್ಕಾರದ ಕಡೆ, ಎಚ್.ಆರ್. ಖನ್ನಾ ಒಬ್ಬರೇ ಬೇರೆ. ವಾದದ ನಡುವೆ ಖನ್ನಾ ಒಂದು ಪ್ರಶ್ನೆ ಕೇಳಿದ್ದರು: ಪೋಲೀಸಿನವನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೆ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಿದರು. ಇದನ್ನು ಕೇಳಿಯೂ ಬಹುಮತ ಅಲುಗಲಿಲ್ಲ. ಲಂಡನ್ನಿನ 1941ರ ತೀರ್ಪು ಇಲ್ಲಿ ಆಧಾರವಾಗಿ ಬಂದಿತು. ಆಟ್ಕಿನರ ಭಿನ್ನಮತ ಬರಲಿಲ್ಲ. ಸ್ಥಾನಬದ್ಧರ ವಿಷಯದಲ್ಲಿ ಸರ್ಕಾರ ತೋರುತ್ತಿರುವ ಕಾಳಜಿ ಬಹುಮಟ್ಟಿಗೆ ತಾಯಿಯ ಕಾಳಜಿಯಂತಿದೆ ಎಂದು ಬಹುಮತದವರಲ್ಲೊಬ್ಬರಾದ ನ್ಯಾಯಮೂರ್ತಿ ಬೇಗ್ ಬರೆದರು. ಸ್ನೇಹಲತಾ ರೆಡ್ಡಿಯವರ ಬಂಧನವಾದದ್ದು ಇದಾದ ನಾಲ್ಕು ದಿನಗಳಿಗೆ, ಮೇ 2ರಂದು.

ಆ ವರ್ಷ ದೇಶದಲ್ಲಿ 16 ಮಂದಿ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ವರ್ಗಾಯಿಸಿದರು, ನಮ್ಮ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು. 1977ರ ಜನವರಿಯಲ್ಲಿ ಖನ್ನಾರನ್ನು ಹಿಂದಿಕ್ಕಿ ಬೇಗ್ ಮುಖ್ಯ ನ್ಯಾಯಮೂರ್ತಿಯಾದರು. ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

ಗಾಳಿ ತಿರುಗಿದ ಮೇಲೆ ರಿಪೇರಿಯ ಕೆಲಸ ಆರಂಭವಾಯಿತು. 1977ರಲ್ಲಿ ಹೊಸ ಸರ್ಕಾರ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡು, ಕಾರಣ ಕೇಳಿದರೆ ಸಾರ್ವಜನಿಕ ಹಿತದ ದೃಷ್ಟಿಯಿಂದ ಹೇಳಲಾಗದೆಂದಿತು! ಪಕ್ಷ ಯಾವುದಾದರೇನು, ಕುರ್ಚಿಯ ಮಾತು ಒಂದೇ. 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಮವೆಂದರೆ ನ್ಯಾಯವಾದ, ಯುಕ್ತವಾದ ಕ್ರಮವೇ ಆಗಬೇಕೆಂದು ಹೇಳಿ ಫಜ಼ಲ್ ಅಲಿಯವರ ಹಳೆಯ ಮತಕ್ಕೆ ಜೀವ ಕೊಟ್ಟಿತು. ಅದೇ ವರ್ಷ ಮೀಸಾ ರದ್ದಾಯಿತು. 44ನೆಯ ತಿದ್ದುಪಡಿ ಯಾವ ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳನ್ನು ಅಮಾನತ್ತಿನಲ್ಲಿಡದಂತೆ ಮಾಡಿತು. ಆದರೆ ಅದೇ ತಿದ್ದುಪಡಿಯ ಮೂರನೆಯ ಕಲಮು, ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಒಬ್ಬನನ್ನು ಇಟ್ಟುಕೊಳ್ಳಬಹುದಾದ ಅವಧಿಯನ್ನು ಮೂರು ತಿಂಗಳಿನಿಂದ ಎರಡಕ್ಕೆ ಇಳಿಸಿದ್ದು, ಇಂದಿನವರೆಗೂ ಜಾರಿಗೆ ಬಂದಿಲ್ಲ. ಸಂಸತ್ತು ಅಂಗೀಕರಿಸಿದ್ದನ್ನು ಜಾರಿಮಾಡುವ ದಿನವನ್ನು ಯಾವ ಸರ್ಕಾರವೂ ಗೊತ್ತುಮಾಡಲಿಲ್ಲ. 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಬಂದಿತು. ಅದು ಇಂದಿಗೂ ಇದೆ.

ಈಗ ನಮ್ಮ ಕಾಲಕ್ಕೆ ಬರೋಣ. ಜಬಲ್ಪುರ ತೀರ್ಪನ್ನು ಸುಪ್ರೀಂ ಕೋರ್ಟು ಮಾತಿನಲ್ಲಿ ಸ್ಪಷ್ಟವಾಗಿ ರದ್ದುಮಾಡಿದ್ದು 2017ರ ಆಗಸ್ಟ್ 24ರಂದು, ಖಾಸಗಿತನದ ಹಕ್ಕನ್ನು ಕುರಿತ ಮೊಕದ್ದಮೆಯಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಮಾತನ್ನು ಬರೆದವರು ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ. ತಂದೆಯ ತೀರ್ಪು ತಪ್ಪೆಂದು ಮಗನ ಕೈಯಿಂದ ಬರೆಸುವುದಕ್ಕೆ ಕಾಲ 41 ವರ್ಷ ತೆಗೆದುಕೊಂಡಿತು.

ಅಲ್ಲಿಂದಾಚೆಗೆ ‘ಏಕೆ?’ ಎಂಬ ಪ್ರಶ್ನೆ ಹೊಸ ಹೊಸ ವೇಷಗಳಲ್ಲಿ ಬಂದಿದೆ. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಅಂತರಜಾಲವನ್ನು ನಿಲ್ಲಿಸಿದಾಗ ಅದರ ಆಜ್ಞೆಗಳು ಜನರ ಕೈಗೆ ಸಿಗಲಿಲ್ಲ. ಇಂಥ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 2021ರಲ್ಲಿ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಿಚಾರಣೆಯಲ್ಲಿ, ಭದ್ರತೆಯ ಹೆಸರೆತ್ತಿದ ಮಾತ್ರಕ್ಕೆ ಕೋರ್ಟು ಬೆದರಿ ದೂರ ಸರಿಯಲಾಗದೆಂದು ನುಡಿಯಿತು. ಕೇರಳದ ಮೀಡಿಯಾ ಒನ್ ದೂರದರ್ಶನ ವಾಹಿನಿಗೆ ಭದ್ರತೆಯ ಕಾರಣದಿಂದ ಅನುಮತಿಯನ್ನು ನಿರಾಕರಿಸಿದಾಗ ಸರ್ಕಾರ ತನ್ನ ಆಧಾರಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ನ್ಯಾಯಾಧೀಶರಿಗೆ ಮಾತ್ರ ತೋರಿಸಿತ್ತು. ಎದುರು ಪಕ್ಷದವರು ಗಾಳಿಯೊಡನೆ ಗುದ್ದಾಡಬೇಕಾಗಿತ್ತು. 2023ರ ಏಪ್ರಿಲ್ 5ರ ತೀರ್ಪು ಈ ಪದ್ಧತಿಯನ್ನು ನ್ಯಾಯಕ್ಕೆ ದೂರವೆಂದು ಖಂಡಿಸಿತು. ಗೋಪಾಲನ್ನರ ಕಾಲದಲ್ಲಿ ಬಂದಿ ನೋಡಬಹುದಾದ ಕಾಗದವನ್ನು ಕೋರ್ಟು ನೋಡುವಂತಿರಲಿಲ್ಲ. ಈಗ ಕೋರ್ಟು ನೋಡುವ ಕಾಗದವನ್ನು ಕಕ್ಷಿಗಾರ ನೋಡುವಂತಿರಲಿಲ್ಲ. ಲಕೋಟೆ ತಿರುಗುಮುರುಗಾಗಿತ್ತು, ಅಷ್ಟೆ.

ಬಂಧನದ ಕಾಗದದ ವಿಷಯದಲ್ಲಿಯೂ ಮಾತು ಮುಂದುವರಿದಿದೆ. 2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಾಲ್ ಮೊಕದ್ದಮೆಯಲ್ಲಿ, ಹಣದ ಅಕ್ರಮ ಸಾಗಣೆಯ ಕಾನೂನಿನಡಿ ಬಂಧಿತನಾದವನಿಗೆ ಆಧಾರಗಳನ್ನು ಬರಹದಲ್ಲಿ ಕೊಡಬೇಕೆಂದಾಯಿತು. 2024ರ ಮೇ 15ರಂದು, ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾನೂನಿನಡಿ ಹಿಡಿದಿದ್ದ ಸಂಪಾದಕ ಪ್ರಬೀರ್ ಪುರಕಾಯಸ್ಥರ ಬಂಧನ ಇದೇ ಕಾರಣಕ್ಕೆ ಅಸಿಂಧುವಾಯಿತು. ಬಂಧನದ ‘ಕಾರಣ’ ಬೇರೆ, ‘ಆಧಾರ’ ಬೇರೆ ಎಂದು ಕೋರ್ಟು ಅಲ್ಲಿ ವಿವೇಚಿಸಿದೆ. ಸಾಕ್ಷ್ಯ ನಾಶವಾಗದಿರಲಿ, ತನಿಖೆ ಸರಿಯಾಗಿ ನಡೆಯಲಿ ಎಂಬುದು ಕಾರಣ. ಅದು ಯಾವ ಆರೋಪಿಗಾದರೂ ಒಪ್ಪುವ ಅಚ್ಚಿನ ಮಾತು. ನೀನು ಇಂಥದನ್ನು ಮಾಡಿದೆ ಎಂಬುದು ಆಧಾರ. ಅದು ಒಬ್ಬನಿಗೇ ಸೇರಿದ್ದು. 2025ರ ನವೆಂಬರಿನಲ್ಲಿ ಈ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಕಾಗದ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕೂಡಲೇ ಬರೆದುಕೊಡಲಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಎರಡು ಗಂಟೆ ಮೊದಲಾದರೂ ಕೈಸೇರಬೇಕು ಎಂದಿದ್ದಾರೆ. ಹರಿಕಿಸನ್ ಕೇಳಿದ್ದು ಮುನ್ನೆಚ್ಚರಿಕೆಯ ಬಂಧನದಲ್ಲಿ. ಅರವತ್ತು ವರ್ಷಗಳ ಮೇಲೆ ಅದು ಎಲ್ಲ ಬಂಧಿತರ ಹಕ್ಕಾಯಿತು.

ಇಷ್ಟರಿಂದ ಎಲ್ಲವೂ ನೇರವಾಯಿತೆಂದು ಹಿಗ್ಗುವಂತಿಲ್ಲ. 1967ರ ಆ ತಡೆ ಕಾನೂನಿಗೆ 2008ರಲ್ಲಿ ಸೇರಿಸಿದ ಕಲಮಿನಂತೆ, ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನು ಇಲ್ಲ. ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ತೂಗಿ ನೋಡಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2021ರಲ್ಲಿ ಬೇರೊಂದು ಪೀಠದ ಮುಂದೆ ನಜೀಬ್ ಎಂಬವರ ಮೊಕದ್ದಮೆ ಬಂದಾಗ ಅವರು ಸೆರೆಯಲ್ಲಿ ಐದು ವರ್ಷಗಳಿಗಿಂತ ಹೆಚ್ಚು ಕಾಲ ಕಳೆದಿದ್ದರು. ವಿಚಾರಿಸಬೇಕಾದ ಸಾಕ್ಷಿಗಳು ಇನ್ನೂ 276 ಮಂದಿ ಉಳಿದಿದ್ದರು. ಬೇಗ ವಿಚಾರಣೆಯಾಗುವ ಸಂಭವವಿಲ್ಲದಿದ್ದರೆ ಜಾಮೀನು ಕೊಡಬಹುದೆಂದು ಆ ಪೀಠ ಹೇಳಿತು. ‘ಏಕೆ’ ಎಂಬುದನ್ನು ಬರೆದುಕೊಟ್ಟು, ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ವರ್ಷಗಟ್ಟಲೆ ತೆಗೆದುಕೊಂಡರೆ ಕಾಗದ ಇದ್ದೂ ಇಲ್ಲದಂತೆ. ಇದು ಈಗ ನಮ್ಮ ಮುಂದಿರುವ ಕಷ್ಟ.

ಸರ್ಕಾರದ ಕಡೆಗೂ ಒಂದು ಮಾತಿದೆ, ಅದನ್ನು ಹಗುರವಾಗಿ ಕಾಣಬಾರದು. ಗಡಿಯಾಚೆಯಿಂದ ಸುದ್ದಿ ತಂದವನ ಹೆಸರು ಬಯಲಾದರೆ ಅವನ ಪ್ರಾಣ ಉಳಿಯುವುದಿಲ್ಲ. ಬಾಂಬು ಸಿಡಿದ ಪೇಟೆಬೀದಿಯನ್ನು ಕಂಡವರು ರಾಜ್ಯಕ್ಕೆ ರಹಸ್ಯವೇ ಕೂಡದೆನ್ನಲಾರರು. ಆದರೆ ರಹಸ್ಯವನ್ನು ಕಾಯುವುದು ಒಂದು, ಕಾರಣವೇ ಇಲ್ಲದಿರುವುದನ್ನು ರಹಸ್ಯವೆಂದು ಮುಚ್ಚುವುದು ಇನ್ನೊಂದು. ಯಾವುದು ಯಾವುದೆಂದು ತಿಳಿಯಲು, ಸರ್ಕಾರದ ಹೊರಗಿನ ಒಬ್ಬನಾದರೂ ಆ ಕಾಗದವನ್ನು ಓದಬೇಕು. ಹಿಡಿಸಿಕೊಂಡವನು ಅದಕ್ಕೆ ಉತ್ತರ ಹೇಳುವಂತಿರಬೇಕು. ಬೇರೆ ಉಪಾಯವನ್ನು ಇನ್ನೂರು ವರ್ಷಗಳಲ್ಲಿ ಯಾರೂ ಕಂಡುಹಿಡಿದಿಲ್ಲ.

ಇನ್ನೊಮ್ಮೆ ಶೇಷಾದ್ರಿ ರಸ್ತೆಯಲ್ಲಿ ಹೋಗುವಾಗ ವಾಚಕರು ಆ ಕಾವಲುಗೋಪುರವನ್ನು ಒಂದು ಗಳಿಗೆ ನಿಂತು ನೋಡಬೇಕು. ಅದರ ಕೆಳಗೆ ಸೆರೆಯಿದ್ದವರಲ್ಲಿ ಇಬ್ಬರು ಮುಂದೆ ಪ್ರಧಾನಿಯೂ ಉಪಪ್ರಧಾನಿಯೂ ಆದರು. ಒಬ್ಬ ಕಲಾವಿದೆ ಮನೆಗೆ ಮರಳಿದ ಐದೇ ದಿನಗಳಲ್ಲಿ ಇಲ್ಲವಾದರು. ಅವರ ಹೆಸರಿನ ಮುಂದೆ ಆರೋಪದ ಒಂದು ಸಾಲನ್ನೂ ಯಾವ ನ್ಯಾಯಾಲಯದಲ್ಲಿಯೂ ಯಾರೂ ಓದಿ ಹೇಳಲಿಲ್ಲ.